ಜಗುಲಿ, ಪಡಸಾಲೆ, ಒಳಮನೆ: ಕನ್ನಡದ ಕ್ವಿಯರ್ ಆನ್‌ಲೈನ್ ಬಳಗ ಕಾಯುವ ಕೆಲಸ

ನಮ್ಮ ಬಳಗದ ಬಾಗಿಲು ತಟ್ಟುವವರ ಕೈಯಲ್ಲಿರುವ ಫೋನು ಬಹಳ ಸಲ ಪೂರ್ತಿ ಅವರದಾಗಿರುವುದಿಲ್ಲ. ಸಿಮ್ ಅಪ್ಪನ ಹೆಸರಿನಲ್ಲಿರುತ್ತದೆ. ಗೂಗಲ್ ಖಾತೆ ತೆರೆದುಕೊಟ್ಟವನು ಅಣ್ಣ. ಪ್ಯಾಟರ್ನ್ ಲಾಕ್ ಮನೆಯ ಮಕ್ಕಳಿಗೆಲ್ಲ ಗೊತ್ತು. ಊಟವಾದ ಮೇಲೆ ಅಮ್ಮ ಅದರಲ್ಲೇ ಧಾರಾವಾಹಿ ನೋಡುತ್ತಾರೆ. ಸಲಿಂಗಪ್ರೇಮಿಗಳಿಗೆ, ಟ್ರಾನ್ಸ್ ಜನರಿಗೆ (ಹುಟ್ಟಿದಾಗ ಗುರುತಿಸಿದ ಲಿಂಗ ತಮ್ಮದಲ್ಲ ಎನ್ನುವವರಿಗೆ), ಒಟ್ಟಾರೆ ಕ್ವಿಯರ್ ಎನಿಸಿಕೊಳ್ಳುವವರಿಗೆ ಕನ್ನಡದಲ್ಲೊಂದು ಆಸರೆಯ ಗುಂಪು ಕಟ್ಟುವವರು ಈ ಫೋನಿನಿಂದಲೇ ಲೆಕ್ಕ ಶುರುಮಾಡಬೇಕು. ಹ್ಯಾಕರ್‌ಗಳ ಭಯ, ಕಂಪನಿಗಳ ಭಯ ಆಮೇಲಿನದು. ಗುಟ್ಟು ರಟ್ಟಾದಾಗ ಜಾಡು ಹಿಡಿದು ಹೋದರೆ ಅದು ಬಹುಪಾಲು ಮನೆಯೊಳಗೇ ಕೊನೆಯಾಗುತ್ತದೆ: ಹಾಲ್‌ನಲ್ಲಿರುವ ಟಿವಿಯಲ್ಲಿ, ಚಾರ್ಜಿಗಿಟ್ಟ ಫೋನಿನ ಮೇಲೆ ಮಿನುಗಿದ ಒಂದು ಸಾಲಿನಲ್ಲಿ, ಪಕ್ಕದಲ್ಲಿ ಮಲಗಿದ್ದ ತಮ್ಮನ ಕಣ್ಣಿನಲ್ಲಿ.

2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧವನ್ನು, ಅದನ್ನು ಅಪರಾಧವೆನ್ನುತ್ತಿದ್ದ ಭಾರತೀಯ ದಂಡ ಸಂಹಿತೆಯ 377ನೇ ಸೆಕ್ಷನ್ನಿನಿಂದ ಬಿಡಿಸಿತು. ಅದಕ್ಕೆ ನೆಲಗಟ್ಟು ಹಾಕಿದ 2017ರ ಖಾಸಗಿತನದ ತೀರ್ಪು ಬಂದದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯಿಂದ. ಆದರೆ ಕೋರ್ಟು ಒಪ್ಪಿದ ಆ ಖಾಸಗಿತನ ಎರಡು ಕೋಣೆಯ ಮನೆಯಲ್ಲಿ ತಾನಾಗಿ ಸಿಗುವುದಿಲ್ಲ. ಅದನ್ನು ಒಂದೊಂದೇ ಸೆಟ್ಟಿಂಗ್ ಬದಲಿಸಿ ಕಟ್ಟಿಕೊಳ್ಳಬೇಕು.

ಎಲ್ಲರ ಬಳಿಯೂ ವಾಟ್ಸಾಪ್ ಇದೆ, ಅಲ್ಲೇ ಗುಂಪು ಮಾಡೋಣ ಎಂಬ ಸಲಹೆ ಮೊದಲು ಬರುತ್ತದೆ. ಮಾಡಬೇಡಿ. ಮಾಮೂಲಿ ವಾಟ್ಸಾಪ್ ಗುಂಪಿನಲ್ಲಿ ಪ್ರತಿಯೊಬ್ಬರ ನಂಬರ್ ಎಲ್ಲರಿಗೂ ಕಾಣುತ್ತದೆ. ನಂಬರ್ ಸಿಕ್ಕರೆ ಟ್ರೂಕಾಲರ್‌ನಲ್ಲಿ ಹೆಸರು ಸಿಗುತ್ತದೆ, ಯುಪಿಐ ಆ್ಯಪಿನಲ್ಲಿ ಬ್ಯಾಂಕಿನ ಪುಸ್ತಕದಲ್ಲಿರುವ ಪೂರ್ತಿ ಹೆಸರು ಸಿಗುತ್ತದೆ, ಹೆಸರಿನ ಬಾಲದಲ್ಲಿ ಊರೂ ಜಾತಿಯೂ ಸಿಗುತ್ತವೆ. ಟ್ರಾನ್ಸ್ ಸದಸ್ಯರಿಗಂತೂ ಪೆಟ್ಟು ಎರಡು. ಕಷ್ಟಪಟ್ಟು ಕಳಚಿಟ್ಟ ಹೆಸರೇ ಮತ್ತೆ ಪರದೆಯ ಮೇಲೆ ಬಂದು ನಿಲ್ಲುತ್ತದೆ.

ಟೆಲಿಗ್ರಾಂನಲ್ಲಿ ನಂಬರ್ ಮುಚ್ಚಿಟ್ಟು ಬಳಕೆದಾರ ಹೆಸರಿನಲ್ಲೇ ಇರಬಹುದು. ಅದರ ದೊಡ್ಡ ಅನುಕೂಲ ಬೇರೆಯೇ ಇದೆ: ಪಿಯುಸಿ ನೋಟ್ಸಿಗೋ ಸ್ಪರ್ಧಾತ್ಮಕ ಪರೀಕ್ಷೆಯ ತಯಾರಿಗೋ ಊರಿನ ಹುಡುಗ ಹುಡುಗಿಯರೆಲ್ಲ ಅದನ್ನು ಇಟ್ಟುಕೊಂಡಿರುತ್ತಾರೆ, ಫೋನಿನಲ್ಲಿ ಆ ಚಿಹ್ನೆ ಕಂಡರೆ ಯಾರೂ ಹುಬ್ಬೇರಿಸುವುದಿಲ್ಲ. ಕೊರತೆಗಳೂ ಇವೆ. ಹೊಸದಾಗಿ ಖಾತೆ ತೆರೆದರೆ, ನಿಮ್ಮ ನಂಬರ್ ಉಳಿಸಿಕೊಂಡವರಿಗೆ ನೀವು ಸೇರಿದಿರಿ ಎಂಬ ಸೂಚನೆ ಹೋಗಬಹುದು. ಅಲ್ಲಿನ ಗುಂಪಿನ ಮಾತುಗಳಿಗೆ ಆದಿಯಿಂದ ಅಂತ್ಯದವರೆಗಿನ ಗೂಢಲಿಪಿ (ಕಳಿಸಿದವರು, ಪಡೆದವರು ಬಿಟ್ಟು ಬೇರಾರೂ ಓದಲಾಗದ ಬೀಗ) ಇಲ್ಲ, ಅವು ಕಂಪನಿಯ ಸರ್ವರ್‌ನಲ್ಲಿ ಉಳಿಯುತ್ತವೆ. ಸಿಗ್ನಲ್ ಆ ಗೂಢಲಿಪಿ ಕೊಡುತ್ತದೆ, 2024ರ ಫೆಬ್ರುವರಿಯಿಂದ ಬಳಕೆದಾರ ಹೆಸರೂ ನಂಬರ್ ಮರೆಮಾಡುವ ಸೌಲಭ್ಯವೂ ಅದರಲ್ಲಿವೆ. ಆದರೆ ಸಣ್ಣ ಊರಿನಲ್ಲಿ ಆ ಹೆಸರು ಕೇಳಿದವರು ಕಡಿಮೆ, "ಇದೇನು ಆ್ಯಪು?" ಎಂಬ ಪ್ರಶ್ನೆ ಅದಕ್ಕೇ ಮೊದಲು ಬೀಳುತ್ತದೆ. ಹೀಗಾಗಿ ನಾವು ಎರಡನ್ನೂ ಬಳಸುತ್ತೇವೆ. ಯಾರಿಗೆ ಯಾವುದು ಎಂಬುದನ್ನು ಅವರ ಮನೆಯ ಪರಿಸ್ಥಿತಿ ನೋಡಿ ಹೇಳುತ್ತೇವೆ.

ಗುಂಪನ್ನು ಮೂರು ಅಂಕಣವಾಗಿ ಕಟ್ಟಿದ್ದೇವೆ. ಜಗುಲಿಯಲ್ಲಿ ಯಾರು ಬೇಕಾದರೂ ಕೂರಬಹುದು, ಅಲ್ಲಿ ನಾವು ಮಾತ್ರ ಬರೆಯುತ್ತೇವೆ. ಸಹಾಯವಾಣಿಗಳ ಸಂಖ್ಯೆ, ಕಾನೂನಿನ ಮಾಹಿತಿ, ಒಳಬರುವುದು ಹೇಗೆಂಬ ಸೂಚನೆ ಅಲ್ಲಿರುತ್ತವೆ. ಪಡಸಾಲೆಗೆ ಬರಲು ಪರಿಚಯದ ಮಾತುಕತೆ ಆಗಬೇಕು. ಅಲ್ಲಿ ಎಲ್ಲರೂ ಬರೆಯಬಹುದು, ಆದರೆ ಫೋಟೊ, ಧ್ವನಿ, ಲಿಂಕ್ ಹಾಕುವಂತಿಲ್ಲ. ಟೆಲಿಗ್ರಾಂನಲ್ಲಿ ಸದಸ್ಯರ ಪಟ್ಟಿ ಮರೆಮಾಡುವ ಸೌಲಭ್ಯ ಸಿಗುವುದು ಗುಂಪು ನೂರು ಜನ ದಾಟಿದ ಮೇಲೆ. ಅಲ್ಲಿಯವರೆಗೆ ಯಾರು ಯಾರಿದ್ದಾರೆಂದು ಎಲ್ಲರಿಗೂ ಕಾಣುತ್ತದೆ ಎಂದು ಹೊಸಬರಿಗೆ ಮೊದಲೇ ಹೇಳಬೇಕು. ಒಳಮನೆ ಸಿಗ್ನಲ್‌ನಲ್ಲಿದೆ. ಒಂದೊಂದರಲ್ಲಿ ಹನ್ನೆರಡು ಮಂದಿಗಿಂತ ಹೆಚ್ಚಿಲ್ಲ, ಬರೆದದ್ದು ಒಂದು ವಾರಕ್ಕೆ ತಾನಾಗಿ ಅಳಿಯುತ್ತದೆ. ಹನ್ನೆರಡೇ ಏಕೆಂದರೆ ಅದಕ್ಕಿಂತ ದೊಡ್ಡದಾದರೆ ಮೌನವಾಗಿ ಕುಳಿತವರು ಹೆಚ್ಚುತ್ತಾರೆ, ಮೌನಿಗಳು ಹೆಚ್ಚಿದ ಕಡೆ ಯಾರೂ ಎದೆಯ ಮಾತು ಆಡುವುದಿಲ್ಲ.

ಪರಿಚಯದ ಮಾತುಕತೆ ಸುಮಾರು ಇಪ್ಪತ್ತು ನಿಮಿಷದ್ದು. ನಮ್ಮ ಕಡೆಯಿಂದ ಇಬ್ಬರಿರುತ್ತಾರೆ, ಒಬ್ಬರೇ ಇದ್ದರೆ ಅವರ ಇಷ್ಟಾನಿಷ್ಟವೇ ಜರಡಿಯಾಗಿಬಿಡುತ್ತದೆ. ಗುರುತಿನ ಚೀಟಿ ಕೇಳುವುದಿಲ್ಲ, ಮುಖ ಕೇಳುವುದಿಲ್ಲ, ನಿಜ ಹೆಸರು, ಜಾತಿ, ಕೆಲಸದ ಜಾಗ ಕೇಳುವುದಿಲ್ಲ. ಅವನ್ನು ಕೇಳಿದರೆ ಎಲ್ಲೋ ಒಂದು ಪಟ್ಟಿ ಹುಟ್ಟುತ್ತದೆ. ಪಟ್ಟಿ ಇದ್ದಲ್ಲಿ ಅದು ಸೋರುವ ದಿನವೂ ಇರುತ್ತದೆ. ಕೇಳುವುದು ಇಷ್ಟು: ಹದಿನೆಂಟು ತುಂಬಿದೆಯೇ, ಬಳಗದಿಂದ ಏನು ಬೇಕು, ಫೋನು ಇನ್ಯಾರ ಕೈಗೆ ಹೋಗುತ್ತದೆ, ಯಾವ ಹೊತ್ತಿನಲ್ಲಿ ಸಂದೇಶ ಕಳಿಸಬಾರದು, ಹೇಗೆ ಕರೆಯಬೇಕು. ಇವಕ್ಕೆ ಉತ್ತರಿಸುವ ರೀತಿಯಲ್ಲೇ ಬಹಳಷ್ಟು ತಿಳಿಯುತ್ತದೆ. ನಿಜವಾಗಿ ಆಸರೆ ಬೇಕಾದವರು ಮೂರನೆಯ ಪ್ರಶ್ನೆಗೆ ವಿವರವಾಗಿ ಹೇಳುತ್ತಾರೆ, ಏಕೆಂದರೆ ಅವರು ದಿನವೂ ಅದನ್ನೇ ಯೋಚಿಸುತ್ತಿರುತ್ತಾರೆ. ಇಣುಕಲು ಬಂದವರಿಗೆ ಆ ಪ್ರಶ್ನೆಯೇ ಅರ್ಥವಾಗುವುದಿಲ್ಲ. ಅವರ ಅವಸರ ಬೇರೆ: ಗುಂಪಿನಲ್ಲಿ ಎಷ್ಟು ಜನ, ಯಾವ ಊರಿನವರು, ಫೋಟೊ ಇದೆಯೇ.

ಮೊದಮೊದಲು ಧ್ವನಿ ಕರೆ ಕಡ್ಡಾಯ ಎಂಬ ನಿಯಮ ಇತ್ತು. ಅದರಿಂದ ಹೆಂಗಸರೇ ಹೊರಗುಳಿದರು. ಕೂಡು ಕುಟುಂಬದಲ್ಲಿರುವ ಹೆಣ್ಣುಮಗಳಿಗೆ ಇಪ್ಪತ್ತು ನಿಮಿಷ ಒಂಟಿಯಾಗಿ ಮಾತಾಡುವ ಜಾಗ ಎಲ್ಲಿಂದ ಬರಬೇಕು? ಈಗ ಅವರಿಗೆ ಬರಹದ ದಾರಿ ಇದೆ: ಮೂರು ಬೇರೆ ಬೇರೆ ದಿನ, ಅವರೇ ಆರಿಸಿದ ಹೊತ್ತಿನಲ್ಲಿ, ಹತ್ತು ಹತ್ತು ನಿಮಿಷ. ಬಹುತೇಕ ಅದು ಮಧ್ಯಾಹ್ನ ಎರಡರಿಂದ ನಾಲ್ಕರ ನಡುವೆ ಬೀಳುತ್ತದೆ. ಸುಳ್ಳು ಮೂರು ದಿನ ಒಂದೇ ದನಿಯಲ್ಲಿ ನಿಲ್ಲುವುದು ಕಷ್ಟ. ಹೆಂಗಸರ ಒಳಮನೆ ಬೇರೆಯೇ ಇದೆ, ಅದನ್ನು ಹೆಂಗಸರೇ ನೋಡಿಕೊಳ್ಳುತ್ತಾರೆ. ಟ್ರಾನ್ಸ್ ಹೆಂಗಸರು ಅಲ್ಲಿ ಹೆಂಗಸರಾಗಿಯೇ ಇರುತ್ತಾರೆ. ಈ ಮಾತು ಚರ್ಚೆಗಿಲ್ಲ ಎಂದು ಬಾಗಿಲಲ್ಲೇ ಬರೆದಿಟ್ಟಿದ್ದೇವೆ.

ಹದಿನೆಂಟು ತುಂಬದವರನ್ನು ಸೇರಿಸಿಕೊಳ್ಳುವುದಿಲ್ಲ. ಇದು ಮನಸ್ಸಿಗೆ ತುಂಬಾ ನೋವು ಕೊಡುವ ನಿಯಮ, ಏಕೆಂದರೆ ಹದಿನೈದು ಹದಿನಾರರ ಮಕ್ಕಳಿಗೇ ಆಸರೆ ಹೆಚ್ಚು ಬೇಕು. ಆದರೆ ದೊಡ್ಡವರ ಗುಂಪು ಅವರಿಗೆ ಸುರಕ್ಷಿತವಲ್ಲ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ ಪೊಲೀಸರಿಗೆ ತಿಳಿಸಲೇಬೇಕೆಂದು 2012ರ ಪೋಕ್ಸೊ ಕಾಯ್ದೆ ಹೇಳುತ್ತದೆ. ಅವರಿಗೆ 1098 ಮಕ್ಕಳ ಸಹಾಯವಾಣಿ ಮತ್ತು 14416 ಮಾನಸಿಕ ಆರೋಗ್ಯ ಸಹಾಯವಾಣಿ ಕೊಡುತ್ತೇವೆ, ಜಗುಲಿಯ ಬರಹ ಓದಲು ಹೇಳುತ್ತೇವೆ, ಬಳಗದ ಯಾರೂ ಅವರಿಗೆ ಖಾಸಗಿಯಾಗಿ ಬರೆಯದಂತೆ ನೋಡಿಕೊಳ್ಳುತ್ತೇವೆ.

ಒಳಗೆ ಬಂದವರೊಂದಿಗೆ ಮಾಡುವ ಮೊದಲ ಕೆಲಸ ಫೋನು ಒಪ್ಪ ಮಾಡುವುದು, ನಲವತ್ತು ನಿಮಿಷ ಹಿಡಿಯುತ್ತದೆ. ವಾಟ್ಸಾಪ್‌ನ ಲಿಂಕ್ಡ್ ಡಿವೈಸಸ್ ತೆರೆದು ನೋಡಿಸುತ್ತೇವೆ. ಎಂದೋ ಐದು ನಿಮಿಷ ಫೋನು ತೆಗೆದುಕೊಂಡವರು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ತಮ್ಮ ಕಂಪ್ಯೂಟರಿಗೆ ಜೋಡಿಸಿಕೊಂಡಿದ್ದರೆ ಎಲ್ಲ ಮಾತೂ ಅಲ್ಲಿಗೂ ಹೋಗುತ್ತಿರುತ್ತದೆ. ಟೆಲಿಗ್ರಾಂನಲ್ಲಿ ನಂಬರ್ ಯಾರಿಗೂ ಕಾಣಬಾರದು, ನಂಬರಿನಿಂದ ಹುಡುಕಲು ಎಲ್ಲರಿಗೂ ಬಿಡಬಾರದು, ಎರಡು ಹಂತದ ಪಾಸ್‌ವರ್ಡ್ ಇರಬೇಕು, ಕಾಂಟ್ಯಾಕ್ಟ್ ಸಿಂಕ್ ಆರಿಸಿರಬೇಕು. ಆಮೇಲೆ ನೋಟಿಫಿಕೇಷನ್: ಲಾಕ್ ಆದ ಪರದೆಯ ಮೇಲೆ ಸಂದೇಶದ ಒಳಗಿನ ಮಾತು ಕಾಣದಂತೆ ಮಾಡಬೇಕು.

ಜನ ಮರೆಯುವುದು ಗೂಗಲ್ ಖಾತೆಯನ್ನು. ಫೋನಿನ ಖಾತೆಯೇ ಟಿವಿಯಲ್ಲೂ ಇದ್ದರೆ, ಇಲ್ಲಿ ಯೂಟ್ಯೂಬ್‌ನಲ್ಲಿ ನೋಡಿದ್ದರ ಜಾಡು ಅಲ್ಲಿ ಶಿಫಾರಸ್ಸಾಗಿ ಮೇಲೇಳುತ್ತದೆ. ಕ್ರೋಮ್‌ನ ಹುಡುಕಾಟ ಅಣ್ಣನ ಲ್ಯಾಪ್‌ಟಾಪಿಗೂ ಸಿಂಕ್ ಆಗುತ್ತಿರಬಹುದು. ಗೂಗಲ್ ಫೋಟೋಸ್ ಸ್ಕ್ರೀನ್‌ಶಾಟುಗಳನ್ನೂ ಮೇಲಕ್ಕೆ ಕಳಿಸುತ್ತಿರಬಹುದು. ಇನ್ನೊಂದು ಕೀಬೋರ್ಡು: ಅದು ನಾವು ಬರೆದ ಪದಗಳನ್ನು ಕಲಿತುಕೊಂಡು, ಅಮ್ಮ ಚಿಕ್ಕಮ್ಮನಿಗೆ ಸಂದೇಶ ಟೈಪಿಸುವಾಗ ಮುಂದಿಡುತ್ತದೆ. ಕೀಬೋರ್ಡಿನ ಸೆಟ್ಟಿಂಗ್‌ನಲ್ಲಿ ಕಲಿತ ಪದಗಳನ್ನು ಅಳಿಸುವ ದಾರಿ ಇದೆ.

ಹೊಸಬರು ಅತಿಯಾಗಿ ಬೀಗ ಹಾಕಿಕೊಳ್ಳುವುದನ್ನು ಮಾತ್ರ ತಡೆಯುತ್ತೇವೆ. ಇಷ್ಟು ದಿನ ಎಲ್ಲರಿಗೂ ತೆರೆದಿದ್ದ ಫೋನಿಗೆ ಒಂದೇ ರಾತ್ರಿ ಹೊಸ ಪಾಸ್‌ವರ್ಡ್ ಬಿದ್ದರೆ ಮನೆಯವರ ಕಣ್ಣು ಅಲ್ಲೇ ನೆಡುತ್ತದೆ. ಫೋನಿನ ಲಾಕ್ ಇದ್ದಂತೆಯೇ ಇರಲಿ, ಆ್ಯಪಿಗೆ ಮಾತ್ರ ಲಾಕ್ ಇರಲಿ, ಅದಕ್ಕಿಂತ ಮುಖ್ಯವಾಗಿ ಒಳಗೆ ಉಳಿದಿರುವುದೇ ಕಡಿಮೆ ಇರಲಿ. ತೆರೆದು ತೋರಿಸು ಎಂದು ಯಾರಾದರೂ ನಿಂತರೆ ತೋರಿಸಲು ಆಗುವಂತಿರಬೇಕು.

ಗುಂಪಿನೊಳಗಿನ ಭಾಷೆಯ ಬಗ್ಗೆ ಒಂದಿಷ್ಟು ಹೇಳಲೇಬೇಕು, ಇದು ಕನ್ನಡದ್ದೇ ತೊಡಕು ಮತ್ತು ಕನ್ನಡದ್ದೇ ಅನುಕೂಲ. ಬಂದ, ಬಂದಳು ಎಂದೊಡನೆ ನಮ್ಮಲ್ಲಿ ಕ್ರಿಯಾಪದವೇ ಲಿಂಗ ಹೇಳಿಬಿಡುತ್ತದೆ. ಆದರೆ "ಅವರು ಬಂದರು" ಎಂದರೆ ಗೌರವವೂ ಇದೆ, ಲಿಂಗದ ಸುಳಿವೂ ಇಲ್ಲ. ಆದ್ದರಿಂದ ಬಳಗದಲ್ಲಿ ಎಲ್ಲರಿಗೂ ಬಹುವಚನ, ಗೆಳೆಯ ಗೆಳತಿಯ ಬಗ್ಗೆ ಹೇಳುವಾಗಲೂ ಬಹುವಚನ. ಹೆಗಲ ಮೇಲಿಂದ ಯಾರಾದರೂ ಇಣುಕಿ ಓದಿದರೂ ಏನೂ ಬಯಲಾಗದು. ಮಗಾ, ಗುರು, ಅಮ್ಮಾ, ಅಪ್ಪಾ ಎಂಬ ಸಲುಗೆಯ ಕೂಗುಗಳನ್ನು ಕೇಳದೆ ಬಳಸಬಾರದು. ಟ್ರಾನ್ಸ್ ಗಂಡಸೊಬ್ಬರಿಗೆ "ಮಗಾ" ಎನ್ನುವುದು ಹಬ್ಬವಾದರೆ ಟ್ರಾನ್ಸ್ ಹೆಂಗಸಿಗೆ ಅದೇ ಕೂಗು ಮುಳ್ಳು. ಸಲಿಂಗಕಾಮಿ ಎಂಬ ಪದದಲ್ಲಿ ಕಾಮವೊಂದೇ ಎದ್ದು ಕಾಣುತ್ತದೆಂದು ಹಲವರಿಗೆ ಇಷ್ಟವಿಲ್ಲ, ಸಲಿಂಗಿ, ಸಲಿಂಗಪ್ರೇಮಿ ಎನ್ನುತ್ತೇವೆ. ಜೋಗಪ್ಪ, ಹಿಜ್ರಾ, ಕೋತಿ (ಹೆಣ್ಣಿನ ನಡೆನುಡಿಯ ಗಂಡಸರು ತಮ್ಮನ್ನು ಕರೆದುಕೊಳ್ಳುವ ಹೆಸರು) ಇವು ತಮ್ಮದೇ ಪರಂಪರೆಯಿರುವ ಹೆಸರುಗಳು. ಸವದತ್ತಿ ಎಲ್ಲಮ್ಮನಿಗೆ ಮುತ್ತು ಕಟ್ಟಿಸಿಕೊಂಡ ಜೋಗಪ್ಪನವರನ್ನು ಬೆಂಗಳೂರಿನ ಇಂಗ್ಲಿಷ್ ಪದದೊಳಗೆ ತುರುಕುವುದು ನಮಗೆ ಸರಿ ಕಾಣದು. ನಮ್ಮ ಆಡುಮಾತು ಊರನ್ನೂ ಹೇಳಿಬಿಡುತ್ತದೆ. "ಹೌದ್ರಿ", "ಎಂತ ಮಾರಾಯ್ರೆ" ಎಂದರೆ ಸಾಕು, ಜಿಲ್ಲೆ ಗೊತ್ತಾಯಿತು. ಭಾಷೆ ಬದಲಿಸಿಕೊಳ್ಳಿ ಎಂದು ಯಾರಿಗೂ ಹೇಳಲಾರೆವು. ಊರಿನ ಜಾತ್ರೆ, ಕಾಲೇಜು, ಬಸ್ಸಿನ ಹೊತ್ತು ಇವನ್ನು ಬರೆಯಬೇಡಿ ಎನ್ನುತ್ತೇವೆ. ಆಡುಮಾತಿನ ಜೊತೆಗೆ ಅಂಥ ಎರಡು ಸುಳಿವು ಕೂಡಿದರೆ ಬಲ್ಲವರು ಗುರುತು ಹಿಡಿಯುತ್ತಾರೆ.

ಕೊಲ್ಲಿ ದೇಶಗಳಲ್ಲಿ ದುಡಿಯುವ ಕರಾವಳಿಯವರೂ ಬರುತ್ತಾರೆ. ಸೌದಿ ಅರೇಬಿಯಾ, ಕುವೈತ್, ಕತಾರ್, ಸಂಯುಕ್ತ ಅರಬ್ ಸಂಸ್ಥಾನಗಳಲ್ಲಿ ಸಲಿಂಗ ಸಂಬಂಧ ಇಂದಿಗೂ ಶಿಕ್ಷಾರ್ಹ. ಅವರು ಅಲ್ಲಿರುವಷ್ಟು ಕಾಲ ಸಿಗ್ನಲ್ ಒಳಮನೆಯಲ್ಲಿ ಮಾತ್ರ ಇರಲಿ, ಡೇಟಿಂಗ್ ಆ್ಯಪ್ ತೆರೆಯದಿರಲಿ, ವಿಮಾನ ಹತ್ತುವ ಮೊದಲು ಎಲ್ಲ ಆ್ಯಪ್ ತೆಗೆದಿರಲಿ ಎಂಬುದು ನಮ್ಮ ಕಟ್ಟುನಿಟ್ಟಾದ ಮಾತು.

ಗುಂಪು ಮೈಯೆಲ್ಲ ಕಣ್ಣಾಗಿರಬೇಕಾದ ಹೊತ್ತು ರಾತ್ರಿ ಹನ್ನೊಂದರಿಂದ ಎರಡು. ಪಾಳಿಯಲ್ಲಿ ಇಬ್ಬರಿರುತ್ತಾರೆ. ಯುಗಾದಿ ಕಳೆದು ಮದುವೆಯ ಮುಹೂರ್ತಗಳು ಶುರುವಾದರೆ ಇನ್ನೊಬ್ಬರನ್ನು ಸೇರಿಸುತ್ತೇವೆ, ಆಷಾಢ ಬಂದಾಗ ಸ್ವಲ್ಪ ಉಸಿರು ತಿರುಗುತ್ತದೆ. ಗಂಡು ನೋಡಲು ಬರುತ್ತಿದ್ದಾರೆ, ಜಾತಕ ಕೂಡಿದೆಯಂತೆ ಎಂಬ ಸಂದೇಶಗಳ ಹಿಂದೆಯೇ ಬದುಕಿದ್ದು ಏನು ಪ್ರಯೋಜನ ಎಂಬ ಸಂದೇಶವೂ ಬರುತ್ತದೆ. ಅಂಥದ್ದು ಪಡಸಾಲೆಯಲ್ಲಿ ಬಿದ್ದರೆ ಪಾಳಿಯವರಲ್ಲೊಬ್ಬರು ತಕ್ಷಣ ಖಾಸಗಿಯಾಗಿ ಬರೆಯುತ್ತಾರೆ. ನೂರು ಜನ ಒಟ್ಟಿಗೆ ಸಮಾಧಾನ ಹೇಳತೊಡಗಿದರೆ ಅವರು ಇನ್ನಷ್ಟು ಒಂಟಿಯಾಗುತ್ತಾರೆ. ಸುತ್ತಿ ಬಳಸದೆ ಕೇಳಬೇಕು: "ಸಾಯಬೇಕು ಅನ್ನಿಸುತ್ತಿದೆಯಾ?" ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಹೇಳಿಕೊಳ್ಳಲು ದಾರಿಯಾಗುತ್ತದೆ. ಅಪ್ಪ ಅಮ್ಮನ ಮುಖ ನೋಡು, ಧೈರ್ಯ ತಂದುಕೋ, ಎಲ್ಲ ಸರಿಹೋಗುತ್ತದೆ ಎಂಬ ಮೂರು ಮಾತು ನಿಷಿದ್ಧ. ಅಪ್ಪ ಅಮ್ಮನ ಮುಖವೇ ಅವರಿಗೆ ಆ ಹೊತ್ತಿನ ಸಂಕಟವಾಗಿರಬಹುದು. ಈಗ ಎಲ್ಲಿದ್ದೀರಿ, ಜೊತೆಗೆ ಯಾರಿದ್ದಾರೆ, ಅಪಾಯದ ವಸ್ತು ಹತ್ತಿರ ಇದ್ದರೆ ದೂರ ಇಡಬಹುದೇ, ಬೆಳಗಿನವರೆಗೆ ನಾನು ಇಲ್ಲೇ ಇರಲೇ? ಇಷ್ಟೇ. ಎರಡನೆಯವರು ಆ ಹೊತ್ತಿಗೆ ಟೆಲಿ ಮಾನಸ್ ಸಂಖ್ಯೆ 14416 ಹಿಡಿದಿರುತ್ತಾರೆ. 2022ರ ಅಕ್ಟೋಬರ್ 10ರಂದು ಶುರುವಾದ, ಬೆಂಗಳೂರಿನ ನಿಮ್ಹಾನ್ಸ್ ಮುಂದಾಳತ್ವದ ಈ ಸೇವೆ ಉಚಿತ, ಕನ್ನಡದಲ್ಲೂ ಮಾತಾಡಬಹುದು. ಜೀವಕ್ಕೆ ಕುತ್ತು ಎದುರಿಗೇ ಇದ್ದರೆ ತುರ್ತು ಸಂಖ್ಯೆ 112.

ಆದರೆ ಯಾವ ವಿಳಾಸಕ್ಕೆ ಆಂಬುಲೆನ್ಸ್ ಕಳಿಸುವುದು? ನಮ್ಮ ಬಳಿ ಪಟ್ಟಿಯಿಲ್ಲವಲ್ಲ. ಇದಕ್ಕೆ ಕಂಡುಕೊಂಡ ದಾರಿ ಜೊತೆಗಾರರದು. ಸೇರಿದ ಒಂದು ತಿಂಗಳೊಳಗೆ ಪ್ರತಿ ಸದಸ್ಯರೂ ಬಳಗದ ಒಬ್ಬರನ್ನು ಆರಿಸಿಕೊಂಡು, ಅವರಿಗೆ ಮಾತ್ರ ತಮ್ಮ ತಾಲ್ಲೂಕು, ನಂಬರ್, ನಂಬಿಕಸ್ತ ಬಂಧುವೊಬ್ಬರ ಹೆಸರು ಕೊಡುತ್ತಾರೆ. ಜೊತೆಗಾರರು ಯಾರೆಂಬುದಷ್ಟೇ ನಮಗೆ ಗೊತ್ತು. ಒಂದು ಕಡೆ ಸೋರಿದರೆ ಒಬ್ಬರ ಗುಟ್ಟು ಹೋಗಬಹುದು, ಎಲ್ಲರದ್ದೂ ಹೋಗುವುದಿಲ್ಲ.

"ಡಾಕ್ಟರ ಹತ್ತಿರ ಕರೆದೊಯ್ದು ಸರಿಮಾಡಿಸುತ್ತಾರಂತೆ" ಎಂಬುದು ಇನ್ನೊಂದು ಪದೇಪದೇ ಬರುವ ಸಂಕಟ. ಇದಕ್ಕೆ ಜಗುಲಿಯಲ್ಲೇ ಬರೆದಿಟ್ಟ ಉತ್ತರವಿದೆ, ಮನೆಯವರಿಗೂ ತೋರಿಸಬಹುದು. ವಿಶ್ವ ಆರೋಗ್ಯ ಸಂಸ್ಥೆ ಸಲಿಂಗ ಒಲವನ್ನು ರೋಗಗಳ ಪಟ್ಟಿಯಿಂದ ಕೈಬಿಡುವ ತೀರ್ಮಾನ ಮಾಡಿದ್ದು 1990ರ ಮೇ 17ರಂದು. ನೀತಿ, ಸಂಸ್ಕೃತಿಯ ಕಟ್ಟಳೆಗೆ ಹೊಂದುವುದಿಲ್ಲ ಎಂಬ ಕಾರಣಕ್ಕೆ ಯಾರನ್ನೂ ಮಾನಸಿಕ ಅಸ್ವಸ್ಥರೆನ್ನುವಂತಿಲ್ಲ ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ. ಒಲವು ಬದಲಿಸುವ "ಚಿಕಿತ್ಸೆ" ವೃತ್ತಿದುರ್ನಡತೆ ಎಂದು, ಮದ್ರಾಸ್ ಹೈಕೋರ್ಟಿನ ಸೂಚನೆಯ ಮೇಲೆ, ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಸಾರಿತು.

ಬೆದರಿಸಿ ಹಣ ಕೀಳುವವರ ಹಾವಳಿ ದೊಡ್ಡದು. ಡೇಟಿಂಗ್ ಆ್ಯಪಿನಲ್ಲಿ ಪರಿಚಯ, ವಿಡಿಯೊ ಕರೆ, ಅದರ ರೆಕಾರ್ಡಿಂಗ್, ಆಮೇಲೆ "ನಿಮ್ಮಪ್ಪನಿಗೆ ಕಳಿಸಲಾ?" ಮೊದಲ ಕಂತು ಕೊಟ್ಟರೆ ಎರಡನೆಯದು ಖಚಿತ, ಏಕೆಂದರೆ ಕೊಡುವ ಶಕ್ತಿ ಇದೆಯೆಂದು ತೋರಿಸಿಕೊಟ್ಟಂತಾಯಿತು. ಹೆದರಿಕೆಯಲ್ಲಿ ಎಲ್ಲರೂ ಮಾಡುವ ತಪ್ಪೆಂದರೆ ಚಾಟ್ ಅಳಿಸಿ ಬ್ಲಾಕ್ ಮಾಡುವುದು. ಬ್ಲಾಕ್ ಆಮೇಲೆ, ಮೊದಲು ಸ್ಕ್ರೀನ್‌ಶಾಟ್: ನಂಬರ್, ಪ್ರೊಫೈಲ್ ಹೆಸರು, ಯುಪಿಐ ಐಡಿ, ದಿನ, ಹೊತ್ತು ಕಾಣುವಂತೆ. ಅವನ್ನು ಜೊತೆಗಾರರಿಗೆ ಕಳಿಸಿ ತಮ್ಮ ಫೋನಿನಿಂದ ತೆಗೆದರಾಯಿತು. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ, ಬೇಗ ತಿಳಿಸಿದಷ್ಟೂ ಖಾತೆಯಲ್ಲಿ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಸುಲಿಗೆ ಭಾರತೀಯ ನ್ಯಾಯ ಸಂಹಿತೆಯ 308ನೇ ಕಲಮಿನಡಿ ಅಪರಾಧ. ದೂರು ಕೊಟ್ಟವರ ಒಲವು ಅಪರಾಧವಲ್ಲ. ಠಾಣೆಯಲ್ಲಿ ಈ ಮಾತನ್ನು ಗಟ್ಟಿಯಾಗಿ ಹೇಳಲು ವಕೀಲರೊಬ್ಬರು ಜೊತೆಗಿದ್ದರೆ ವಾಸಿ. ಉಚಿತ ಕಾನೂನು ನೆರವಿಗೆ 15100 ಇದೆ. ಖಾಸಗಿ ಚಿತ್ರ ಹರಡುವ ಭಯವಿದ್ದರೆ ಸ್ಟಾಪ್ ಎನ್‌ಸಿಐಐ ಎಂಬ ಉಚಿತ ಸೇವೆ ನೆರವಾಗುತ್ತದೆ. ಚಿತ್ರ ನಮ್ಮ ಫೋನು ಬಿಟ್ಟು ಹೋಗುವುದಿಲ್ಲ, ಅದರ ಡಿಜಿಟಲ್ ಹೆಜ್ಜೆಗುರುತು ಮಾತ್ರ ಫೇಸ್‌ಬುಕ್, ಇನ್‌ಸ್ಟಾಗ್ರಾಂನಂಥ ತಾಣಗಳಿಗೆ ಹೋಗಿ ಅಲ್ಲಿ ಅದು ಏರದಂತೆ ತಡೆಯುತ್ತದೆ. ವಾಟ್ಸಾಪ್‌ನಲ್ಲಿ ಒಬ್ಬರಿಂದೊಬ್ಬರಿಗೆ ಹೋಗುವುದನ್ನು ಅದು ತಡೆಯಲಾರದು ಎಂಬುದನ್ನೂ ಹೇಳಿಬಿಡುತ್ತೇವೆ.

ಮನೆ ಬಿಡುವುದು ಕೊನೆಯ ದಾರಿ. ಬಳಗ ಯಾರಿಗೂ ಬಿಡಿ ಎನ್ನುವುದಿಲ್ಲ, ಬಿಡಲೇಬೇಕಾದವರಿಗೆ ತಯಾರಿ ಹೇಳಿಕೊಡುತ್ತದೆ. ತಯಾರಿಗೆ ವಾರಗಳು ಬೇಕು. ಮುಖ್ಯ ತೊಡಕು ಆಧಾರ್‌ಗೆ ಜೋಡಿಸಿದ ಮೊಬೈಲ್. ಅದು ಅಪ್ಪನದಾಗಿದ್ದರೆ ಒಟಿಪಿ ಅಪ್ಪನಿಗೇ ಹೋಗುತ್ತದೆ, ಡಿಜಿಲಾಕರ್ ತೆರೆಯುವಂತಿಲ್ಲ, ಬ್ಯಾಂಕಿನ ಕೆಲಸಗಳೂ ನಿಲ್ಲುತ್ತವೆ. ಆದ್ದರಿಂದ ಮೊದಲು ಸ್ವಂತ ಹೆಸರಿನ ಸಿಮ್, ಆಮೇಲೆ ಆಧಾರ್ ಕೇಂದ್ರದಲ್ಲಿ ಬೆರಳಚ್ಚು ಕೊಟ್ಟು ನಂಬರ್ ಬದಲಾವಣೆ, ಆಮೇಲೆ ಜಂಟಿಯಲ್ಲದ ಬ್ಯಾಂಕ್ ಖಾತೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಮೂಲಪ್ರತಿಯೇ ಬೇಕು, ವಯಸ್ಸಿಗೆ ಅದೇ ಆಧಾರ. ದಿನ ಬಿಡದೆ ತೆಗೆದುಕೊಳ್ಳುವ ಮಾತ್ರೆ ಇದ್ದರೆ ಒಂದು ತಿಂಗಳಿಗಾಗುವಷ್ಟು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಂಗಸರಿಗೂ ಲಿಂಗತ್ವ ಅಲ್ಪಸಂಖ್ಯಾತರಿಗೂ ಸರ್ಕಾರಿ ಸಾಮಾನ್ಯ ಬಸ್ಸು ಉಚಿತ. ಕೈಯಲ್ಲಿ ಕಾಸಿಲ್ಲದವರು ಗುರುತಿನ ಚೀಟಿ ತೋರಿಸಿ ರಾಜ್ಯದೊಳಗೆ ಎಲ್ಲಿಗಾದರೂ ತಲುಪಬಹುದು.

ಹೋದ ಮೇಲೆ ಮನೆಯವರು ನಾಪತ್ತೆ ದೂರು ಕೊಡುತ್ತಾರೆ, ಹೆಚ್ಚೂಕಡಿಮೆ ಇದು ನಡೆದೇ ನಡೆಯುತ್ತದೆ. ಬಚ್ಚಿಟ್ಟುಕೊಂಡಷ್ಟೂ ಕಷ್ಟ. ತಲುಪಿದ ಊರಿನ ಠಾಣೆಗೆ ವಕೀಲರೊಂದಿಗೆ ಹೋಗಿ, ನನಗೆ ಹದಿನೆಂಟು ತುಂಬಿದೆ, ಸ್ವಇಚ್ಛೆಯಿಂದ ಬಂದಿದ್ದೇನೆ ಎಂದು ಬರೆದುಕೊಟ್ಟು ಸ್ವೀಕೃತಿ ಪಡೆಯಬೇಕು. ಮನೆಯವರು ಹೇಬಿಯಸ್ ಕಾರ್ಪಸ್ (ವ್ಯಕ್ತಿಯನ್ನು ಕೋರ್ಟಿನ ಮುಂದೆ ಹಾಜರುಪಡಿಸಿ ಎಂಬ ಅರ್ಜಿ) ಹಾಕಿದರೆ ಕೋರ್ಟು ಹೇಗೆ ನಡೆದುಕೊಳ್ಳಬೇಕೆಂಬುದಕ್ಕೆ ಸುಪ್ರೀಂ ಕೋರ್ಟು 2024ರ ಮಾರ್ಚಿನಲ್ಲಿ ಸೂಚನೆ ಕೊಟ್ಟಿದೆ: ಆ ವ್ಯಕ್ತಿಯನ್ನು ಮನೆಯವರಿಂದ ದೂರ, ಖಾಸಗಿಯಾಗಿ ಮಾತಾಡಿಸಬೇಕು, ಒಲವು ಬದಲಿಸುವ ಕೌನ್ಸೆಲಿಂಗ್‌ಗೆ ಕಳಿಸಬಾರದು. ಮನೆಯಲ್ಲೇ ಕೂಡಿಹಾಕಿದ್ದರೆ ಇದೇ ಅರ್ಜಿಯನ್ನು ಗೆಳೆಯರೂ ಹಾಕಬಹುದು. ಆದ್ದರಿಂದ ಮನೆಯಲ್ಲಿ ಮಾತು ಬಿಸಿಯಾದ ದಿನದಿಂದ ಜೊತೆಗಾರರಿಗೆ ರಾತ್ರಿಗೊಮ್ಮೆ "ಊಟ ಆಯ್ತು" ಎಂಬ ಸಂದೇಶ ಹೋಗಬೇಕು. ಎರಡು ರಾತ್ರಿ ಬಾರದಿದ್ದರೆ ಮೂರನೆಯ ಬೆಳಗ್ಗೆ ವಕೀಲರಿಗೆ ಕರೆ.

ಪಾಳಿಯವರು ವಾರಕ್ಕೆ ಎರಡು ರಾತ್ರಿಗಿಂತ ಹೆಚ್ಚು ಕೂರುವಂತಿಲ್ಲ. ಕಠಿಣ ರಾತ್ರಿಯೊಂದು ಕಳೆದ ಮರುದಿನ ಇನ್ನೊಬ್ಬರೊಂದಿಗೆ ಅರ್ಧ ಗಂಟೆ ಅದನ್ನೇ ಮಾತಾಡಿ ಇಳಿಸಿಕೊಳ್ಳಬೇಕು. ಯಾರ ಹೆಸರಿನಲ್ಲೂ ಚಂದಾ ಎತ್ತುವುದಿಲ್ಲ. ಯುಪಿಐನಲ್ಲಿ ಕೊಟ್ಟವರ ಹೆಸರು, ಪಡೆದವರ ಹೆಸರು ಎರಡೂ ಬಯಲಾಗುತ್ತವೆ.

ಬಳಗ ಬಿಟ್ಟು ಹೋಗುವವರೂ ಇರುತ್ತಾರೆ. ಮದುವೆ ನಿಶ್ಚಯವಾಗಿ ಹೋಗುವವರು, ಸಂಗಾತಿ ಸಿಕ್ಕಿ ನೆಮ್ಮದಿಯಾಗಿ ಹೋಗುವವರು, ಏನೂ ಹೇಳದೆ ಹೋಗುವವರು. ಯಾರನ್ನೂ ಏಕೆಂದು ಕೇಳುವುದಿಲ್ಲ. ಎರಡು ಮಾತು ಮಾತ್ರ ಹೇಳಿ ಕಳಿಸುತ್ತೇವೆ. ಆ್ಯಪ್ ತೆಗೆದರೆ ಖಾತೆ ಅಳಿಯುವುದಿಲ್ಲ, ಖಾತೆ ಅಳಿಸಿ ಆಮೇಲೆ ಆ್ಯಪ್ ತೆಗೆಯಿರಿ. ಸಿಮ್ ಬಿಡುವುದಿದ್ದರೆ ಅದಕ್ಕೂ ಮೊದಲೇ ಈ ಕೆಲಸ ಮುಗಿಸಿ, ಏಕೆಂದರೆ ಬಳಸದೆ ಬಿಟ್ಟ ನಂಬರನ್ನು ಕಂಪನಿ ಕೆಲವು ತಿಂಗಳಲ್ಲಿ ಬೇರೆಯವರಿಗೆ ಕೊಡುತ್ತದೆ, ಒಟಿಪಿ ಆಗ ಅವರಿಗೆ ಹೋಗುತ್ತದೆ. ಟೆಲಿಗ್ರಾಂನಲ್ಲಿ ಬಳಸದಿದ್ದರೆ ಖಾತೆ ತಾನಾಗಿ ಅಳಿಯುವ ಅವಧಿಯನ್ನು ಒಂದು ತಿಂಗಳಿಗೆ ಇಳಿಸಿಡಬಹುದು, ಅದನ್ನು ಸೇರಿದ ದಿನವೇ ಮಾಡಿಸಿರುತ್ತೇವೆ. ಜೊತೆಗಾರರು ಅದೇ ಸಂಜೆ ತಮ್ಮ ಬಳಿಯಿರುವ ನಂಬರ್, ತಾಲ್ಲೂಕು, ಬಂಧುವಿನ ಹೆಸರು ಅಳಿಸಿ, ಅಳಿಸಿದೆ ಎಂದು ನಮಗೆ ಒಂದು ಸಾಲು ಬರೆಯುತ್ತಾರೆ. ಮತ್ತೆ ಬರಬೇಕೆನ್ನಿಸಿದರೆ ಜಗುಲಿಯಿಂದಲೇ ಬರಬೇಕು, ಅದೇ ಇಪ್ಪತ್ತು ನಿಮಿಷ, ಅದೇ ಐದು ಪ್ರಶ್ನೆ.